ತಂತ್ರಾಂಶ ಪರವಾನಗಿ ಲೆಕ್ಕಪರಿಶೋಧನೆ

ತಂತ್ರಾಂಶ ಪರವಾನಗಿ ಲೆಕ್ಕಪರಿಶೋಧನೆ ಎಂದರೆ ಒಂದು ಸಂಸ್ಥೆಯ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವ ತಂತ್ರಾಂಶಗಳನ್ನು ಆ ಸಂಸ್ಥೆ ಪಡೆದಿರುವ ಪರವಾನಗಿಗಳೊಂದಿಗೆ ಹೋಲಿಸಿ ನೋಡುವ ಪ್ರಕ್ರಿಯೆ. ಅನುಸ್ಥಾಪಿಸಿದ ಪ್ರತಿಗಳ ಸಂಖ್ಯೆ, ಬಳಕೆದಾರರ ಸಂಖ್ಯೆ ಹಾಗೂ ಬಳಕೆಯ ಉದ್ದೇಶ ಒಪ್ಪಂದದ ಷರತ್ತುಗಳಿಗೆ ಹೊಂದುತ್ತವೆಯೇ ಎಂಬುದನ್ನು ಇದರಲ್ಲಿ ಪರಿಶೀಲಿಸಲಾಗುತ್ತದೆ. ತಂತ್ರಾಂಶ ತಯಾರಕರು, ಅವರು ನೇಮಿಸಿದ ಪರಿಶೋಧಕರು ಅಥವಾ ಬಳಕೆದಾರ ಸಂಸ್ಥೆಯೇ ಇದನ್ನು ನಡೆಸಬಹುದು. ಪರಿಶೋಧನೆಯ ಫಲಿತಾಂಶವು ಹೆಚ್ಚಾಗಿ ಸೂಚನಾ ಪತ್ರ ಬಂದ ನಂತರದ ಓಡಾಟಕ್ಕಿಂತ ಅದಕ್ಕೆ ಮೊದಲೇ ಇಟ್ಟುಕೊಂಡ ದಾಖಲೆಗಳನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ತಂತ್ರಾಂಶವನ್ನು ಕೊಳ್ಳುವವರಿಗೆ ಸಾಮಾನ್ಯವಾಗಿ ಅದರ ಒಡೆತನ ದೊರೆಯುವುದಿಲ್ಲ. ನಿರ್ದಿಷ್ಟ ಷರತ್ತುಗಳೊಳಗೆ ಬಳಸುವ ಹಕ್ಕು ಮಾತ್ರ ದೊರೆಯುತ್ತದೆ. ಈ ವ್ಯತ್ಯಾಸವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದಿಂದ ಬಂದ ಒಂದು ತೆರಿಗೆ ವಿವಾದದಲ್ಲಿ ವಿವರವಾಗಿ ಚರ್ಚಿಸಿದೆ. ವಿದೇಶಿ ಕಂಪನಿಗಳ ತಂತ್ರಾಂಶಕ್ಕಾಗಿ ಕೊಡುವ ಹಣವು ರಾಯಧನವಾಗುತ್ತದೆ ಎಂದು ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ತೀರ್ಪು ನೀಡಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಈ ನಿಲುವನ್ನು ತಳ್ಳಿಹಾಕಿತು. ಅಂತಿಮ ಬಳಕೆದಾರರ ಒಪ್ಪಂದದಿಂದ ಕೃತಿಸ್ವಾಮ್ಯ ವರ್ಗಾವಣೆಯಾಗುವುದಿಲ್ಲ, ಸೀಮಿತ ಬಳಕೆಯ ಅನುಮತಿ ಮಾತ್ರ ಸಿಗುತ್ತದೆ ಎಂಬುದು ಈ ತೀರ್ಪಿನ ತಿರುಳು. ಪರಿಶೋಧನೆಯಲ್ಲಿ ಅಳೆಯುವುದು ಈ ಸೀಮಿತ ಅನುಮತಿಯ ಗಡಿಯನ್ನೇ.

ಕಾನೂನು ಚೌಕಟ್ಟು

ಭಾರತದಲ್ಲಿ ಕೃತಿಸ್ವಾಮ್ಯ ಕಾಯ್ದೆ, 1957ರ ಅಡಿಯಲ್ಲಿ ತಂತ್ರಾಂಶಕ್ಕೆ ರಕ್ಷಣೆಯಿದೆ. 1984ರ ತಿದ್ದುಪಡಿಯ ಮೂಲಕ ಗಣಕ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಗೆ ಸೇರಿಸಲಾಯಿತು. 1994ರ ತಿದ್ದುಪಡಿಯಿಂದ ಬಂದ 63ಬಿ ಪ್ರಕರಣದ ಪ್ರಕಾರ, ಅನಧಿಕೃತ ಪ್ರತಿಯನ್ನು ತಿಳಿದೂ ಗಣಕದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಬಳಕೆ ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ನಡೆದಿಲ್ಲದಿದ್ದರೆ ಸೆರೆವಾಸವನ್ನು ಕೈಬಿಡುವ ವಿವೇಚನೆ ನ್ಯಾಯಾಲಯಕ್ಕಿದೆ. ಕಾನೂನುಬದ್ಧವಾಗಿ ಪಡೆದ ತಂತ್ರಾಂಶದ ಕಾಪು ಪ್ರತಿಯನ್ನು ಮಾಡಿಕೊಳ್ಳಲು 52ನೇ ಪ್ರಕರಣ ಅವಕಾಶ ನೀಡುತ್ತದೆ.

ಸಂಸ್ಥೆಗಳಿಗೆ 69ನೇ ಪ್ರಕರಣವು ವಿಶೇಷವಾಗಿ ಮುಖ್ಯ. ಕಂಪನಿಯಿಂದ ಅಪರಾಧ ನಡೆದಾಗ ಅದರ ವ್ಯವಹಾರದ ಹೊಣೆ ಹೊತ್ತ ವ್ಯಕ್ತಿಯೂ ಅಪರಾಧಿಯೆಂದು ಪರಿಗಣಿತನಾಗುತ್ತಾನೆ. ಇಲ್ಲಿ ಕಂಪನಿ ಎಂಬ ಪದವು ಪಾಲುದಾರಿಕೆ ಸಂಸ್ಥೆ ಹಾಗೂ ಇತರ ಸಂಘಗಳನ್ನೂ ಒಳಗೊಳ್ಳುತ್ತದೆ. ಆದರೆ ಅಪರಾಧವು ತನಗೆ ತಿಳಿಯದೆ ನಡೆಯಿತು, ಅಥವಾ ಅದನ್ನು ತಡೆಯಲು ತಕ್ಕ ಎಚ್ಚರಿಕೆ ವಹಿಸಲಾಗಿತ್ತು ಎಂದು ಸಾಬೀತುಪಡಿಸಿದರೆ ಆ ವ್ಯಕ್ತಿ ಹೊಣೆಯಿಂದ ಮುಕ್ತನಾಗುತ್ತಾನೆ. ಎಚ್ಚರಿಕೆಗೆ ಪುರಾವೆಯಾಗುವುದು ಲಿಖಿತ ನೀತಿ, ಖರೀದಿ ಪತ್ರ ಹಾಗೂ ನಿಯತಕಾಲಿಕ ಪರಿಶೀಲನೆಯ ದಾಖಲೆಗಳೇ.

ಪರವಾನಗಿಯ ಅಳತೆಗಳು

ಪ್ರತಿ ತಂತ್ರಾಂಶದ ಎಣಿಕೆಯ ಕ್ರಮ ಬೇರೆಯಾಗಿರುತ್ತದೆ. ಪ್ರಮುಖ ಬಗೆಗಳು ಇಂತಿವೆ:

• ಯಂತ್ರ ಆಧಾರಿತ: ಹೊಸ ಗಣಕದೊಂದಿಗೆ ಬರುವ ಕಾರ್ಯಾಚರಣ ವ್ಯವಸ್ಥೆಯ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕಷ್ಟೇ ಸೀಮಿತ.
• ಬಳಕೆದಾರ ಆಧಾರಿತ: ಬೆಂಗಳೂರು ಕೇಂದ್ರಿತ ಟ್ಯಾಲಿ ಸಲ್ಯೂಷನ್ಸ್‌ನ ಲೆಕ್ಕಪತ್ರ ತಂತ್ರಾಂಶದಲ್ಲಿ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರರಿಗೆ, ಗೋಲ್ಡ್ ಪರವಾನಗಿ ಸ್ಥಳೀಯ ಜಾಲದ ಹಲವು ಬಳಕೆದಾರರಿಗೆ ಮೀಸಲು.
• ಸಿಬ್ಬಂದಿ ಆಧಾರಿತ: ಒರಾಕಲ್ ಕಂಪನಿಯು 2023ರ ಜನವರಿಯಿಂದ ತನ್ನ ಜಾವಾ ಚಂದಾವನ್ನು ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಯ ಮೇಲೆ ನಿಗದಿಪಡಿಸುತ್ತಿದೆ.
• ಉದ್ದೇಶ ಆಧಾರಿತ: ಆಟೋಡೆಸ್ಕ್ ಕಂಪನಿಯ ಶೈಕ್ಷಣಿಕ ಪರವಾನಗಿಯನ್ನು ಕಾಲೇಜುಗಳು ಬೋಧನೆಗೆ ಬಳಸಬಹುದು, ವಾಣಿಜ್ಯ ಸಲಹಾ ಕೆಲಸಕ್ಕೆ ಬಳಸುವಂತಿಲ್ಲ.

ಉಚಿತವೆಂದು ಭಾವಿಸಿದ ತಂತ್ರಾಂಶಗಳಿಂದಲೂ ಉಲ್ಲಂಘನೆ ಉಂಟಾಗಬಹುದು. ವಿನ್‌ರಾರ್‌ನ ಪ್ರಾಯೋಗಿಕ ಅವಧಿ 40 ದಿನ ಮಾತ್ರ. ಟೀಮ್‌ವ್ಯೂವರ್ ವೈಯಕ್ತಿಕ ಬಳಕೆಗೆ ಉಚಿತವಾಗಿದ್ದರೂ ಕಚೇರಿ ಬಳಕೆಗೆ ಪರವಾನಗಿ ಬೇಕಾಗುತ್ತದೆ. ಕನ್ನಡದ ಬರಹ ತಂತ್ರಾಂಶದ ಹಳೆಯ ಆವೃತ್ತಿಗಳು ಉಚಿತವಾಗಿದ್ದು, ನಂತರದ ಆವೃತ್ತಿಗಳಿಗೆ ಶುಲ್ಕವಿದೆ. ಆದುದರಿಂದ ಹೆಸರಿನ ಜೊತೆಗೆ ಆವೃತ್ತಿಯ ಸಂಖ್ಯೆಯನ್ನೂ ದಾಖಲಿಸುವುದು ಅವಶ್ಯಕ.

ಸಿದ್ಧತೆಯ ಹಂತಗಳು

1. ಹೊಣೆಗಾರಿಕೆ: ಪರವಾನಗಿಗಳ ಉಸ್ತುವಾರಿಗೆ ಒಬ್ಬರನ್ನು ನೇಮಿಸಿ, ಅವರ ಅನುಮತಿಯಿಲ್ಲದೆ ತಂತ್ರಾಂಶ ಅನುಸ್ಥಾಪಿಸುವುದನ್ನು ನಿರ್ಬಂಧಿಸಲಾಗುತ್ತದೆ.
2. ಯಂತ್ರಗಳ ಪಟ್ಟಿ: ಮೇಜಿನ ಗಣಕ, ಮಡಿಲ ಗಣಕ, ಸರ್ವರ್ ಹಾಗೂ ಮೂಲೆಗೆ ಸೇರಿದ ಹಳೆಯ ಯಂತ್ರಗಳನ್ನೂ ಪಟ್ಟಿ ಮಾಡಲಾಗುತ್ತದೆ.
3. ತಂತ್ರಾಂಶಗಳ ಪಟ್ಟಿ: ಪ್ರತಿ ಯಂತ್ರದಲ್ಲಿರುವ ತಂತ್ರಾಂಶದ ಹೆಸರು, ಆವೃತ್ತಿ ಮತ್ತು ಬಳಕೆದಾರರನ್ನು ಗುರುತಿಸಲಾಗುತ್ತದೆ.
4. ಹಕ್ಕಿನ ದಾಖಲೆಗಳು: ತೆರಿಗೆ ರಸೀದಿ, ಒಪ್ಪಂದ, ಪರವಾನಗಿ ಪ್ರಮಾಣಪತ್ರ ಮತ್ತು ಚಂದಾ ನವೀಕರಣದ ದಿನಾಂಕಗಳನ್ನು ಒಂದೆಡೆ ಸಂಗ್ರಹಿಸಲಾಗುತ್ತದೆ. ಸರಕು ಮತ್ತು ಸೇವಾ ತೆರಿಗೆ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇಟ್ಟರೆ ಸಾಕು. ಶಾಶ್ವತ ಪರವಾನಗಿಯ ರಸೀದಿಯನ್ನಾದರೋ ತಂತ್ರಾಂಶ ಬಳಕೆಯಲ್ಲಿರುವವರೆಗೂ ಕಾಯ್ದಿಡಬೇಕಾಗುತ್ತದೆ.
5. ತಾಳೆ: ಮೇಲಿನ ಎರಡು ಪಟ್ಟಿಗಳನ್ನು ಹೋಲಿಸಿ ಕೊರತೆ ಹಾಗೂ ಹೆಚ್ಚುವರಿಯನ್ನು ಕಂಡುಹಿಡಿಯಲಾಗುತ್ತದೆ.
6. ಸರಿಪಡಿಸುವಿಕೆ: ಬಳಸದ ಪ್ರತಿಗಳನ್ನು ತೆಗೆದು, ಕೊರತೆಯಿರುವೆಡೆ ಪರವಾನಗಿ ಕೊಳ್ಳಲಾಗುತ್ತದೆ ಅಥವಾ ಮುಕ್ತ ತಂತ್ರಾಂಶಕ್ಕೆ ಬದಲಾಗಲಾಗುತ್ತದೆ.

ಉದಾಹರಣೆಗೆ, ಒಂದು ಸಹಕಾರ ಸಂಘವು ಕಚೇರಿ ತಂತ್ರಾಂಶದ 6 ಪರವಾನಗಿಗಳನ್ನು ಹೊಂದಿದ್ದು, 9 ಯಂತ್ರಗಳಲ್ಲಿ ಅದನ್ನು ಅನುಸ್ಥಾಪಿಸಿದೆ ಎಂದಿಟ್ಟುಕೊಳ್ಳಬಹುದು. ಅವುಗಳಲ್ಲಿ 2 ಯಂತ್ರಗಳು ಬಳಕೆಯಲ್ಲಿಲ್ಲ. ಅನುಸ್ಥಾಪನೆಯನ್ನೇ ಎಣಿಸುವ ಒಪ್ಪಂದದಲ್ಲಿ ಕೊರತೆ 3 ಆಗುತ್ತದೆ. ವಾರ್ಷಿಕ ಪರಿಶೀಲನೆಯಲ್ಲೇ ಆ 2 ಪ್ರತಿಗಳನ್ನು ತೆಗೆದಿದ್ದರೆ ಕೊರತೆ ಕೇವಲ 1.

ಈ ನಿರ್ವಹಣೆಗೆ ಐಎಸ್‌ಒ/ಐಇಸಿ 19770-1 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಇದು ಮೊದಲಿಗೆ 2006ರಲ್ಲಿ ಪ್ರಕಟವಾಗಿ, 2012 ಮತ್ತು 2017ರಲ್ಲಿ ಪರಿಷ್ಕೃತವಾಯಿತು.

ಸೂಚನಾ ಪತ್ರ ಬಂದ ನಂತರ

ಪತ್ರ ಬಂದ ಕೂಡಲೇ ಒಪ್ಪಂದದಲ್ಲಿನ ಪರಿಶೋಧನಾ ಷರತ್ತನ್ನು ಓದಿ, ಕಾಲಾವಕಾಶ, ವ್ಯಾಪ್ತಿ ಹಾಗೂ ವೆಚ್ಚದ ಹೊಣೆಯನ್ನು ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ. ಪರಿಶೋಧಕರ ಗುರುತು ಹಾಗೂ ಅಧಿಕಾರಪತ್ರವನ್ನು ಪರಿಶೀಲಿಸಿ, ಸಂಪರ್ಕಕ್ಕೆ ಒಬ್ಬರನ್ನೇ ನಿಯೋಜಿಸಲಾಗುತ್ತದೆ. ಗೋಪ್ಯತಾ ಒಪ್ಪಂದ ಮಾಡಿಕೊಂಡು, ಕೇಳಿದ ಉತ್ಪನ್ನಗಳಿಗೆ ಸಂಬಂಧಿಸಿದ ಮಾಹಿತಿಯನ್ನಷ್ಟೇ ನೀಡುವುದು ರೂಢಿ. ಮಾಹಿತಿ ಸಂಗ್ರಹಿಸುವ ಸಾಧನಗಳು ಸಿಬ್ಬಂದಿಯ ಹೆಸರು, ಮಿಂಚಂಚೆಗಳನ್ನೂ ಸಂಗ್ರಹಿಸಬಹುದಾದ್ದರಿಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ನ್ನು ಗಮನದಲ್ಲಿಡಬೇಕಾಗುತ್ತದೆ.

ಪತ್ರ ಬಂದ ಬಳಿಕ ತರಾತುರಿಯಲ್ಲಿ ತಂತ್ರಾಂಶಗಳನ್ನು ಅಳಿಸುವುದು ಪುರಾವೆ ನಾಶವೆಂದು ಅರ್ಥೈಸಲ್ಪಡುವ ಅಪಾಯವಿದೆ. ಹಿಂದಿನ ದಿನಾಂಕ ನಮೂದಿಸಿ ರಸೀದಿ ಪಡೆಯುವುದು ಇನ್ನೂ ಗಂಭೀರ. ಕರಡು ವರದಿಯನ್ನು ಸಂಸ್ಥೆಯು ತನ್ನ ಎಣಿಕೆಯೊಂದಿಗೆ ತಾಳೆ ನೋಡಿ, ತಪ್ಪುಗಳನ್ನು ಲಿಖಿತವಾಗಿ ಎತ್ತಿ ತೋರಿಸಿದ ನಂತರವೇ ಇತ್ಯರ್ಥಕ್ಕೆ ಒಪ್ಪುವುದು ಸೂಕ್ತ.

ಗ್ರಾಮೀಣ ಸಂಸ್ಥೆಗಳಲ್ಲಿ

ಪರವಾನಗಿಯ ಪ್ರಶ್ನೆ ನಗರದ ಕಂಪನಿಗಳಿಗೆ ಸೀಮಿತವಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಂತಹ ಗ್ರಾಮಗಳ ಪಂಚಾಯಿತಿ, ಶಾಲೆ ಹಾಗೂ ಸಹಕಾರ ಸಂಘಗಳಿಗೂ ಇದು ಅನ್ವಯಿಸುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಬಳಸುವ ಪಂಚತಂತ್ರ ತಂತ್ರಾಂಶವನ್ನು ಸರ್ಕಾರವೇ ಒದಗಿಸುತ್ತದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಯೋಜನೆಯಲ್ಲಿಯೂ ಸಾಮಾನ್ಯ ತಂತ್ರಾಂಶದ ವ್ಯವಸ್ಥೆಯಿದೆ. ಆದರೆ ಇವು ನಡೆಯುವ ಗಣಕದ ಕಾರ್ಯಾಚರಣ ವ್ಯವಸ್ಥೆ, ಕಚೇರಿ ತಂತ್ರಾಂಶ ಹಾಗೂ ಅಕ್ಷರ ತಂತ್ರಾಂಶಗಳ ಪರವಾನಗಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ದುರಸ್ತಿಗೆ ಹೋದ ಗಣಕವು ಅನಧಿಕೃತ ಪ್ರತಿಯೊಂದಿಗೆ ಮರಳಿದರೆ ಅದು ಸಂಸ್ಥೆಯ ಯಂತ್ರದಲ್ಲಿಯೇ ಪತ್ತೆಯಾಗುತ್ತದೆ. ಆದ್ದರಿಂದ ದುರಸ್ತಿಯ ನಂತರದ ತಪಾಸಣೆಯೂ ಸಿದ್ಧತೆಯ ಭಾಗ.

ಮುಕ್ತ ತಂತ್ರಾಂಶ

ಲಿನಕ್ಸ್, ಲಿಬ್ರೆ ಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಎಷ್ಟು ಯಂತ್ರಗಳಲ್ಲಾದರೂ ಬಳಸಬಹುದು. ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳಿಗೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಇವುಗಳಿಗೂ ಪರವಾನಗಿಗಳಿವೆ: ಜಿಪಿಎಲ್ ಅಡಿಯ ತಂತ್ರಾಂಶವನ್ನು ಮಾರ್ಪಡಿಸಿ ವಿತರಿಸುವವರು ಆಕರ ಸಂಕೇತವನ್ನೂ ಒದಗಿಸಬೇಕಾಗುತ್ತದೆ. ಕೇವಲ ಬಳಸುವ ಸಂಸ್ಥೆಗಳಿಗೆ ಈ ಹೊಣೆ ಬರುವುದಿಲ್ಲ. ಆದರೂ ಪಟ್ಟಿಯಲ್ಲಿ ಅವುಗಳ ಹೆಸರು ಹಾಗೂ ಪರವಾನಗಿಯನ್ನು ದಾಖಲಿಸಿದರೆ ಪರಿಶೋಧನೆಯ ವೇಳೆ ಗೊಂದಲ ಕಡಿಮೆಯಾಗುತ್ತದೆ.