ಕೇಳಿಸದೆ ಹೋದ ಅಭ್ಯರ್ಥಿ: ಕ್ರಿ. ಪೂ. 133ರ ರೋಮಿನ ಟ್ರಿಬ್ಯೂನ್ ಚುನಾವಣೆ

ಟೈಬೀರಿಯಸ್ ಗ್ರಾಕಸನ ವಧೆಯ ವೃತ್ತಾಂತವು ರೋಮನ್ ಗಣರಾಜ್ಯದ ಇತಿಹಾಸವನ್ನು ಓದಿದವರಿಗೆ ಅಪರಿಚಿತವಲ್ಲ. ಆದರೆ ತರಗತಿಯಲ್ಲಿ ನಾವು ಆತನ ಭೂಶಾಸನವನ್ನು ವಿಸ್ತಾರವಾಗಿ ವಿವರಿಸಿ, ಮರಣವನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಆತನು ಮಡಿದುದು ಚುನಾವಣೆಯ ಅಭ್ಯರ್ಥಿಯಾಗಿ, ಜನಸಭೆಯ ಎದುರಿನಲ್ಲಿ, ತನ್ನ ಮಾತು ಯಾರಿಗೂ ಕೇಳಿಸದ ಗಳಿಗೆಯಲ್ಲಿ. ಪ್ರಕೃತ ಲೇಖನದ ವಿಷಯ ಆ ಗಳಿಗೆಯೇ.

ಭೂಶಾಸನವನ್ನು ಕುರಿತು ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಾರ್ವಜನಿಕ ಭೂಮಿಯಲ್ಲಿ ಒಬ್ಬನು 500 ಯೂಗರಕ್ಕಿಂತ, ಎಂದರೆ ಸುಮಾರು 300 ಎಕರೆಗಿಂತ, ಅಧಿಕವನ್ನು ಇಟ್ಟುಕೊಳ್ಳಕೂಡದೆಂದೂ ಮಿಕ್ಕುದನ್ನು ಬಡ ಪ್ರಜೆಗಳಿಗೆ ಹಂಚತಕ್ಕದ್ದೆಂದೂ ಅದರ ತಾತ್ಪರ್ಯ. ಸಹ-ಟ್ರಿಬ್ಯೂನನಾದ ಆಕ್ಟೇವಿಯಸನು ತನ್ನ ನಿಷೇಧಾಧಿಕಾರದಿಂದ ಅದನ್ನು ತಡೆದಾಗ, ಗ್ರಾಕಸನು ಜನಸಭೆಯ ಮತದಿಂದಲೇ ಆತನನ್ನು ಪದಚ್ಯುತನನ್ನಾಗಿಸಿ, ತನ್ನ ಸೇವಕನಿಂದ ಭಾಷಣವೇದಿಕೆಯಿಂದ ಎಳೆಸಿದನೆಂದು ಪ್ಲುಟಾರ್ಕನು ಬರೆಯುತ್ತಾನೆ. ಮುಂದೆ ಬಾಯಿ ಕಟ್ಟಿಸಿಕೊಂಡವನು ಹಿಂದೆ ಇನ್ನೊಬ್ಬನ ಬಾಯಿ ಕಟ್ಟಿಸಿದವನೇ ಆಗಿದ್ದನೆಂಬುದನ್ನು ಗ್ರಾಕಸನ ಅಭಿಮಾನಿಗಳು ಮರೆಯಲಾಗದು.

ಟ್ರಿಬ್ಯೂನನ ಶರೀರವು ಅಲಂಘ್ಯವೆಂದು ಭಾವಿಸಲ್ಪಟ್ಟಿತ್ತು. ಅಧಿಕಾರಾವಧಿ ಮುಗಿದೊಡನೆ ಆ ರಕ್ಷಣೆಯೂ ಮುಗಿಯುವುದು. ಆದುದರಿಂದ ಗ್ರಾಕಸನು ಮರುವರ್ಷಕ್ಕೂ ಅಭ್ಯರ್ಥಿಯಾಗಿ ನಿಂತನು. ಅದು ಸುಗ್ಗಿಯ ಕಾಲ. ಆತನನ್ನು ಬೆಂಬಲಿಸುತ್ತಿದ್ದ ಹಳ್ಳಿಗರು ಹೊಲಗಳಲ್ಲಿದ್ದರೆಂದು ಅಪ್ಪಿಯನ್ ಹೇಳುತ್ತಾನೆ. ಮೊದಲೆರಡು ಗಣಗಳ ಮತ ಆತನಿಗೆ ಬಿದ್ದೊಡನೆ, ಒಬ್ಬನೇ ಎಡೆಬಿಡದೆ ಎರಡು ವರ್ಷ ಟ್ರಿಬ್ಯೂನನಾಗುವುದು ಶಾಸನವಿರುದ್ಧವೆಂಬ ಆಕ್ಷೇಪ ಎದ್ದಿತು. ಅಧ್ಯಕ್ಷತೆ ವಹಿಸಿದ್ದ ರೂಬ್ರಿಯಸನು ನಿರ್ಣಯ ಕೊಡಲಾರದೆ ಹಿಂಜರಿದನು. ಮುಮ್ಮಿಯಸನು (ಪ್ಲುಟಾರ್ಕನಲ್ಲಿ ಈ ಹೆಸರು ಮೂಸಿಯಸ್ ಎಂದಿದೆ) ತಾನು ಆ ಸ್ಥಾನವನ್ನು ವಹಿಸುವೆನೆಂದನು. ಉಳಿದ ಟ್ರಿಬ್ಯೂನರು ಹೊಸದಾಗಿ ಚೀಟಿಯೆತ್ತಬೇಕೆಂದು ಹಟ ಹಿಡಿದರು. ಚುನಾವಣೆ ಮರುದಿನಕ್ಕೆ ಹೋಯಿತು. ಗ್ರಾಕಸನು ಕರಿಯ ಉಡುಪು ಧರಿಸಿ, ತನ್ನ ಮಗನನ್ನು ಫೋರಂನಲ್ಲಿ ನಡೆಸಿಕೊಂಡು ಹೋಗಿ, ಅವನನ್ನು ಜನರ ರಕ್ಷಣೆಗೆ ಒಪ್ಪಿಸುತ್ತ ಆ ದಿನವನ್ನು ಕಳೆದನು.

ಮರುದಿನ ಸಭೆ ಸೇರಿದುದು ಕ್ಯಾಪಿಟಲ್ ಗುಡ್ಡದ ಮೇಲೆ. ಗಣಗಳನ್ನು ಕರೆಯತೊಡಗಿದರೂ ಅಂಚಿನಲ್ಲಿದ್ದವರ ನೂಕುನುಗ್ಗಲಿನಿಂದ ಮತದಾನ ಸಾಗಲಿಲ್ಲ. ಸೆನೆಟರನಾದ ಫುಲ್ವಿಯಸ್ ಫ್ಲಾಕಸನು ಎತ್ತರದ ಸ್ಥಳದಲ್ಲಿ ನಿಂತು, ತನ್ನ ಕೂಗು ಮುಟ್ಟದೆಂದು ಕೈಸನ್ನೆ ಮಾಡಿ, ಬಳಿಗೆ ಬಂದು, ಶ್ರೀಮಂತರು ಕೊಲೆಗೆ ಸಿದ್ಧರಾಗಿರುವ ಸುದ್ದಿಯನ್ನು ತಿಳಿಸಿದನು. ಗ್ರಾಕಸನ ಸುತ್ತಲಿದ್ದವರು ಉಡುಪನ್ನು ಬಿಗಿದು, ಅಧಿಕಾರಿಗಳ ದಂಡಗಳನ್ನು ಮುರಿದು ಹಂಚಿಕೊಂಡರು. ದೂರದಲ್ಲಿದ್ದವರಿಗೆ ಇದೇನೆಂದು ತಿಳಿಯಲಿಲ್ಲ. ಆಗ ಗ್ರಾಕಸನು ಪ್ರಾಣಾಪಾಯವಿದೆಯೆಂದು ಸೂಚಿಸಲು ಕೈಯನ್ನು ತಲೆಗೆ ಮುಟ್ಟಿಸಿಕೊಂಡನು. ವಿರೋಧಿಗಳು ಸೆನೆಟಿಗೆ ಓಡಿ, ಆತನು ಕಿರೀಟವನ್ನು ಬೇಡುತ್ತಿದ್ದಾನೆಂದು ವರದಿ ಮಾಡಿದರು.

ಇದು ಪ್ಲುಟಾರ್ಕನ ಕಥನ. ಅಪ್ಪಿಯನ್ನನ ಪ್ರಕಾರವಾದರೋ ಗ್ರಾಕಸನು ಹೊಡೆದಾಟಕ್ಕೆಂದು ಮೊದಲೇ ಒಂದು ಸಂಕೇತವನ್ನು ಗೊತ್ತುಮಾಡಿದ್ದನು. ಮತದಾನಕ್ಕೆ ಅಡ್ಡಿಯಾದಾಗ ಅದನ್ನೇ ತೋರಿಸಿದನು. ಇಬ್ಬರೂ ಘಟನೆಯಾಗಿ ಎರಡು ಶತಮಾನಗಳಿಗೂ ಮೀರಿದ ಮೇಲೆ ಬರೆದವರಾದುದರಿಂದ ಸನ್ನೆಯ ನಿಜವಾದ ಅರ್ಥವನ್ನು ಇಂದು ನಿರ್ಧರಿಸುವುದು ಸಾಧ್ಯವಿಲ್ಲ. ಆದರೆ ಮತದಾನ ನಡೆಯಗೊಡಲಿಲ್ಲವೆಂಬಲ್ಲಿ ಇಬ್ಬರೂ ಒಮ್ಮತರು. ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯವಾದುದು. ಪುನರಾಯ್ಕೆ ನ್ಯಾಯವೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲ ಅಧ್ಯಕ್ಷನೊಬ್ಬನಿದ್ದಿದ್ದರೆ ಅಭ್ಯರ್ಥಿ ಸೋಲುತ್ತಿದ್ದನು ಇಲ್ಲವೆ ಗೆಲ್ಲುತ್ತಿದ್ದನು. ಅಂಥವನಿಲ್ಲದ ಕಡೆ ಗದ್ದಲವೇ ಅಧ್ಯಕ್ಷತೆ ವಹಿಸಿತು. ಮಾತು ಹೋಗಿ ಸನ್ನೆ ಉಳಿದಾಗ, ಅದಕ್ಕೆ ಅರ್ಥ ಹೇಳುವ ಅಧಿಕಾರ ಎದುರಾಳಿಗಳ ಪಾಲಾಯಿತು.

ಕಾನ್ಸಲ್ ಮೂಸಿಯಸ್ ಸ್ಕೇವೊಲನು ಭೂಶಾಸನಕ್ಕೆ ಸಲಹೆ ಕೊಟ್ಟಿದ್ದವರಲ್ಲೊಬ್ಬನು. ವಿಚಾರಣೆಯಿಲ್ಲದೆ ಯಾವ ಪ್ರಜೆಯನ್ನೂ ಕೊಲ್ಲಿಸೆನು, ಜನರು ಶಾಸನವಿರುದ್ಧವಾಗಿ ಮತ ಕೊಟ್ಟರೆ ಅದನ್ನು ಮನ್ನಿಸೆನು ಎಂದಷ್ಟೇ ಆತನ ಉತ್ತರ. ಪ್ರಧಾನ ಪುರೋಹಿತನೂ ಗ್ರಾಕಸನ ಬಂಧುವೂ ಆದ ಸ್ಕಿಪಿಯೊ ನಾಸಿಕನಿಗೆ ಇದು ಸಾಲಲಿಲ್ಲ. ಆತನು ಉಡುಪಿನ ಸೆರಗನ್ನು ತಲೆಗೆ ಹೊದೆದು ಸೆನೆಟರರ ಗುಂಪನ್ನು ಗುಡ್ಡಕ್ಕೆ ನಡೆಸಿದನು. ಮೊದಲ ಪೆಟ್ಟು ಕೊಟ್ಟವನು ಸಹ-ಟ್ರಿಬ್ಯೂನನೊಬ್ಬನೇ. ಆಯುಧ, ಮುರಿದ ಪೀಠದ ಕಾಲು. ಮುನ್ನೂರಕ್ಕೂ ಮಿಕ್ಕು ಜನ ಕಲ್ಲು ದೊಣ್ಣೆಗಳಿಗೆ ಬಲಿಯಾದರು. ಗ್ರಾಕಸನು ಬಿದ್ದ ಸ್ಥಳವು ಪ್ರಾಚೀನ ರಾಜರ ಪ್ರತಿಮೆಗಳ ಪಕ್ಕದಲ್ಲಿತ್ತೆಂಬ ವಿವರವನ್ನು ಅಪ್ಪಿಯನ್ ಯಾವ ಟೀಕೆಯೂ ಇಲ್ಲದೆ ಕೊಡುತ್ತಾನೆ. ಶವಗಳನ್ನು ರಾತ್ರಿ ಟೈಬರ್ ನದಿಗೆ ಎಸೆಯಲಾಯಿತು. ಸೋದರನು ಅಂತ್ಯಕ್ರಿಯೆಗೆ ಬೇಡಿಕೊಂಡುದೂ ವ್ಯರ್ಥವಾಯಿತು.

ಶಾಸನ ಮಾತ್ರ ರದ್ದಾಗಲಿಲ್ಲ. ಭೂಮಿಯನ್ನು ಹಂಚುವ ಮೂವರ ಮಂಡಲಿ ಕಾರ್ಯವನ್ನು ಮುಂದುವರಿಸಿತು. ಅದು ನೆಡಿಸಿದ ಎಲ್ಲೆಗಲ್ಲುಗಳಲ್ಲಿ ಕೆಲವು ದಕ್ಷಿಣ ಇಟಲಿಯಲ್ಲಿ ದೊರೆತಿವೆ. ಅವುಗಳ ಮೇಲೆ ಆತನ ಸೋದರ ಗೇಯಸ್ ಗ್ರಾಕಸನ ಹೆಸರಿದೆ, ಮಾವನಾದ ಆಪಿಯಸ್ ಕ್ಲಾಡಿಯಸನ ಹೆಸರಿದೆ. ಮೂರನೆಯದಾಗಿ, ಟೈಬೀರಿಯಸನಿಂದ ತೆರವಾದ ಸ್ಥಾನದಲ್ಲಿ, ಲಿಸಿನಿಯಸ್ ಕ್ರಾಸಸನ ಹೆಸರನ್ನು ಕೊರೆಯಲಾಗಿದೆ.