ಸೈಕೋಸಿಸ್‌ನ ಆರಂಭದಲ್ಲಿ ಅರಿವಿನ ತೊಡಕುಗಳು: ಅಧ್ಯಯನದ ಇತಿಹಾಸ

ಸೈಕೋಸಿಸ್ ಎಂದೊಡನೆ ನೆನಪಾಗುವುದು ಇಲ್ಲದ ದನಿ ಕೇಳಿಸುವುದು, ಯಾರೋ ಬೆನ್ನು ಹತ್ತಿದ್ದಾರೆಂಬ ಗಟ್ಟಿ ನಂಬಿಕೆ. ಇವುಗಳ ಜೊತೆಗೆ, ಎಷ್ಟೋ ಸಲ ಇವುಗಳಿಗಿಂತ ಮೊದಲೇ, ಗಮನ, ನೆನಪು, ಯೋಚನೆಯ ವೇಗ ಕುಗ್ಗುತ್ತವೆ. ಚೆನ್ನಾಗಿ ಓದುತ್ತಿದ್ದ ಹುಡುಗನಿಗೆ ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಮನೆಯವರು ಸೋಮಾರಿತನ ಎಂದುಕೊಳ್ಳುತ್ತಾರೆ.

ಜರ್ಮನಿಯ ಎಮಿಲ್ ಕ್ರೇಪೆಲಿನ್ 1890ರ ದಶಕದಲ್ಲಿ ಸೈಕೋಸಿಸ್‌ನ ಒಂದು ಬಗೆಗೆ ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂಬ ಹೆಸರನ್ನು ನೆಲೆಗೊಳಿಸಿದರು. ಹರೆಯದಲ್ಲೇ ಬುದ್ಧಿ ಕುಸಿಯುತ್ತದೆ ಎಂಬುದು ಆ ಹೆಸರಿನಲ್ಲೇ ಇದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಅದೇ ಕಾಯಿಲೆಯನ್ನು ‘ಸ್ಕಿಜೋಫ್ರೀನಿಯಾ’ ಎಂದು ಕರೆದ ಗ್ರಂಥದಲ್ಲಿ ನೆನಪು ಮೂಲತಃ ಕೆಡುವುದಿಲ್ಲ ಎಂದರು. ಗೊಂದಲ ಶುರುವಾಗುವುದು ಇಲ್ಲಿ. ಅರಿವಿನ ತೊಂದರೆಯೇ ಇಲ್ಲವೆಂದು ಬ್ಲಾಯ್ಲರ್ ಹೇಳಿದರೆಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಆದರೆ ಯೋಚನೆಗಳ ಕೊಂಡಿ ಸಡಿಲುವುದನ್ನೇ ಅವರು ಮೂಲ ಲಕ್ಷಣವೆಂದಿದ್ದರು, ಅದು ಅರಿವಿನ ತೊಡಕೇ ಸರಿ. 1952ರಲ್ಲಿ ದನಿ, ಭ್ರಮೆಗಳನ್ನು ತಗ್ಗಿಸುವ ಔಷಧ ಕ್ಲೋರ್‌ಪ್ರೊಮಜೀನ್ ಬಂದ ಮೇಲೆ ವೈದ್ಯರ ದೃಷ್ಟಿಯೆಲ್ಲ ಅವುಗಳ ಮೇಲೆ ನೆಟ್ಟಿತು.

ಇತಿಹಾಸಗಳು ಸಾಮಾನ್ಯವಾಗಿ ಇಲ್ಲಿಂದ 1980ರ ದಶಕಕ್ಕೆ ಹಾರುತ್ತವೆ. ನಡುವೆ ಬಿಟ್ಟುಹೋಗುವುದು ಸ್ಕಾಟ್ಲೆಂಡಿನ ಆಂಡ್ರ್ಯೂ ಮೆಗೀ ಮತ್ತು ಜೇಮ್ಸ್ ಚಾಪ್‌ಮನ್ 1961ರಲ್ಲಿ ಪ್ರಕಟಿಸಿದ ಲೇಖನ. ಆಸ್ಪತ್ರೆಗೆ ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು, ಏನಾಗುತ್ತಿದೆ ಎಂದು ಕೇಳಿ, ಅವರ ಮಾತನ್ನು ಹಾಗೆಯೇ ಬರೆದುಕೊಂಡರು. ಬೇಕಾದದ್ದು ಬೇಡದ್ದು ಎಲ್ಲವೂ ಏಕಕಾಲಕ್ಕೆ ಗಮನ ಸೆಳೆಯುತ್ತದೆ ಎಂದವರಿದ್ದರು. ಟಿವಿಯಲ್ಲಿ ಚಿತ್ರ ನೋಡುತ್ತ ಮಾತನ್ನೂ ಕೇಳುವುದು ಆಗದು ಎಂದವರಿದ್ದರು. ಬೇಡದ್ದನ್ನು ಸೋಸುವ ಗಮನದ ಶಕ್ತಿ ಕೆಟ್ಟಿರುವುದೇ ಮೊದಲ ಪೆಟ್ಟು ಎಂಬ ನಿರ್ಣಯಕ್ಕೆ ಇಬ್ಬರೂ ಬಂದರು. ಆ ವಿವರಣೆ ಮುಂದೆ ಪೂರ್ತಿ ನಿಲ್ಲಲಿಲ್ಲ. ಆದರೂ ಆರಂಭದ ದಿನಗಳನ್ನು ಒಳಗಿನಿಂದ ತೋರಿಸುವ ದಾಖಲೆಯಾಗಿ ಅದಕ್ಕೆ ಸಮನಾದದ್ದು ಕಡಿಮೆ. ಜರ್ಮನಿಯಲ್ಲಿ ರೋಗಿಗಳು ತಮ್ಮೊಳಗೇ ಗಮನಿಸಿಕೊಳ್ಳುವ ‘ಮೂಲ ಲಕ್ಷಣ’ಗಳ ಕುರಿತ ಗೆರ್ಡ್ ಹೂಬರ್ ಅವರ ಕೆಲಸವೂ ಇದೇ ಜಾಡಿನದು.

ಔಷಧವೇ ಮಂಕು ತರುತ್ತದೆ ಎಂಬ ಆಕ್ಷೇಪ ಬಹುಕಾಲ ಉಳಿದಿತ್ತು. 1990ರ ದಶಕದಲ್ಲಿ ಅಮೆರಿಕದ ಆಂಡ್ರ್ಯೂ ಸೇಕಿನ್ ಮತ್ತಿತರರು ಔಷಧವನ್ನೇ ಮುಟ್ಟದ, ಮೊದಲ ಸಲ ಕಾಯಿಲೆ ಬಿದ್ದವರನ್ನು ಪರೀಕ್ಷಿಸಿದಾಗಲೂ ಕೊರತೆ ಕಂಡಿತು. ಮೊದಲ ಸಲ ಕಾಯಿಲೆ ಬಿದ್ದವರ 47 ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ ಹೆಚ್ಚು ಪೆಟ್ಟು ಬಿದ್ದಿದ್ದು ಕೇಳಿದ್ದನ್ನು ಆಗಲೇ ನೆನಪಿಡುವುದಕ್ಕೆ ಮತ್ತು ಯೋಚನೆಯ ವೇಗಕ್ಕೆ. ವೇಗ ಅಳೆಯುವ ಒಂದು ಪರೀಕ್ಷೆ ನೋಡಲು ಬಲು ಸರಳ: ಮೇಲೆ ಅಂಕಿಗಳು, ಪ್ರತಿ ಅಂಕಿಗೊಂದು ಗುರುತು, ಕೆಳಗಿನ ಖಾಲಿ ಚೌಕಗಳಲ್ಲಿ ಹೊಂದುವ ಗುರುತನ್ನು ಬರೆಯುತ್ತ ಹೋಗಬೇಕು. ಗಡಿಯಾರ ಓಡುತ್ತಿರುತ್ತದೆ, ಕಣ್ಣು ಮತ್ತೆ ಮತ್ತೆ ಮೇಲಿನ ಸಾಲಿಗೇ ಹೋಗುತ್ತದೆ.

ಕೊರತೆ ಶುರುವಾಗುವುದು ಯಾವಾಗ ಎಂಬುದೇ ಈಗಿನ ವಿವಾದ. 1969–70ರಲ್ಲಿ ಸ್ವೀಡನ್ ಸೇನೆಗೆ ಕರೆಸಿಕೊಂಡ ಸುಮಾರು 50,000 ಯುವಕರಲ್ಲಿ ಬುದ್ಧಿಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರಿಗೆ ಮುಂದೆ ಸ್ಕಿಜೋಫ್ರೀನಿಯಾ ಬರುವ ಸಾಧ್ಯತೆ ಹೆಚ್ಚಿತ್ತು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳ ಅಧ್ಯಯನ 2010ರಲ್ಲಿ ಇನ್ನಷ್ಟು ಸೂಕ್ಷ್ಮವಾದದ್ದನ್ನು ತೋರಿಸಿತು: ಮುಂದೆ ಕಾಯಿಲೆಗೊಳಗಾದವರಲ್ಲಿ ಭಾಷೆ, ತರ್ಕದ ಕೊರತೆ ಎಳವೆಯಲ್ಲೇ ಇತ್ತು, ವೇಗ, ಗಮನ ಬೆಳೆಯುತ್ತಿದ್ದರೂ ಓರಗೆಯವರಷ್ಟು ಬೆಳೆಯಲಿಲ್ಲ. ಕಾಯಿಲೆ ಕಾಣಿಸಿದ ಬಳಿಕ ಇನ್ನಷ್ಟು ಕುಸಿತವಿಲ್ಲ ಎಂದಿತು 2014ರ ಒಂದು ವಿಶ್ಲೇಷಣೆ. ಬ್ರಿಟನ್ನಿನಲ್ಲಿ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ ನೆನಪು ಮತ್ತು ಪದಜ್ಞಾನ ಕುಸಿದದ್ದನ್ನು ವರದಿ ಮಾಡಿತು. ಎರಡಕ್ಕೂ ಹೊಂದುವ ಒಂದು ವಿವರಣೆಯಿದೆ: ನಿಧಾನದ ಕುಸಿತ ಕೆಲವೇ ವರ್ಷಗಳ ಅವಧಿಯಲ್ಲಿ ಕಣ್ಣಿಗೆ ಬೀಳದು.

ಈ ಕೊರತೆಯನ್ನು ನೀಗಿಸುವ ಔಷಧದ ಹಾದಿ ನಿರಾಸೆಯದು. ಭರವಸೆ ಹುಟ್ಟಿಸಿದ್ದ ಐಕ್ಲೆಪರ್ಟಿನ್ ಕೂಡ 2025ರ ಆರಂಭದಲ್ಲಿ ಮೂರನೇ ಹಂತದ ಪ್ರಯೋಗಗಳಲ್ಲಿ ಗುರಿ ಮುಟ್ಟಲಿಲ್ಲ. ಅಭ್ಯಾಸದಿಂದ ಅರಿವನ್ನು ತಿದ್ದುವ ಹಾದಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಕೆಲಸ ಗಮನಾರ್ಹ. ಮೊದಲ ಸಲ ಸ್ಕಿಜೋಫ್ರೀನಿಯಾಕ್ಕೆ ಒಳಗಾದ 45 ಮಂದಿಯ ಮೇಲೆ ಅಲ್ಲಿ ನಡೆದ ಪ್ರಯೋಗ 2012ರಲ್ಲಿ ಪ್ರಕಟವಾಯಿತು; ಎರಡು ತಿಂಗಳ ತರಬೇತಿ ನಡೆದದ್ದು ರೋಗಿಗಳ ಮನೆಯಲ್ಲೇ. ಆ ಸಂಸ್ಥೆ ರೂಪಿಸಿದ ಅಭ್ಯಾಸಗಳಲ್ಲಿ ಬೆರೆತ ಕಾಳುಗಳನ್ನು ಬೇರೆ ಬೇರೆ ಮಾಡುವುದೂ ಒಂದು.