ಕಡಲಾಚೆಯ ಕಿರುತೆರೆ: ಅಮೆರಿಕದಲ್ಲಿ ಬ್ರಿಟಿಷ್ ಟೆಲಿವಿಷನ್ ನಡೆದು ಬಂದ ದಾರಿ

ಹುಟ್ಟಿದ ನಾಡನ್ನು ಬಿಟ್ಟು ಪರದೇಶದಲ್ಲಿ ನೆಲೆಸಿದವರು ಮೊದಲು ಹುಡುಕುವುದು ತಮ್ಮ ಊಟವನ್ನು, ಅನಂತರ ತಮ್ಮ ಮಾತನ್ನು. ಬ್ರಿಟನ್ನಿನಿಂದ ಅಮೆರಿಕಕ್ಕೆ ಹೋದವರಿಗೆ ಭಾಷೆಯ ತೊಡಕು ಇರಲಿಲ್ಲ. ಎರಡೂ ಕಡೆ ಇಂಗ್ಲಿಷೇ. ಆದರೂ ಸಂಜೆ ಟಿ.ವಿ. ಹಾಕಿದಾಗ ಅವರಿಗೆ ತಾವು ಬೇರೆಯೇ ಲೋಕಕ್ಕೆ ಬಂದಿದ್ದೇವೆ ಎನ್ನಿಸುತ್ತಿತ್ತು. ಕತೆ ಕುತೂಹಲದ ಹಂತಕ್ಕೆ ಬಂದಾಗ ಸಾಬೂನು ಬರುತ್ತಿತ್ತು. ಸುದ್ದಿಯ ನಡುವೆ ಹಲ್ಲುಪುಡಿ ಬರುತ್ತಿತ್ತು.

‘ಪ್ರತಿಭಾ ಪಲಾಯನ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಭಾರತದ ವಿಚಾರದಲ್ಲಿ ಬಳಸುತ್ತೇವೆ. ಆದರೆ ಅದಕ್ಕೆ ಸಮಾನವಾದ ಇಂಗ್ಲಿಷ್ ಮಾತು 1960ರ ದಶಕದ ಮೊದಲಲ್ಲಿ ಬಳಕೆಗೆ ಬಂದದ್ದು ಬ್ರಿಟಿಷ್ ವಿಜ್ಞಾನಿಗಳು ಉತ್ತರ ಅಮೆರಿಕಕ್ಕೆ ಹೊರಟಾಗ. 1963ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಬಗ್ಗೆ ವರದಿಯನ್ನೇ ಹೊರತಂದಿತು. ಹೀಗೆ ಹೋದ ವಿಜ್ಞಾನಿಗಳು, ಎಂಜಿನಿಯರುಗಳು, ಅಧ್ಯಾಪಕರು ಅಮೆರಿಕದಲ್ಲಿ ನೋಡಲು ಯೋಗ್ಯವಾದ ಟೆಲಿವಿಷನ್ ಎಲ್ಲಿದೆ ಎಂದು ಹುಡುಕಿದ್ದು ಚಿಕ್ಕ ಸಂಗತಿಯಂತೆ ಕಾಣಬಹುದು. ಆದರೆ ಅದರ ಹಿಂದೆ ದೊಡ್ಡದೊಂದು ಪ್ರಶ್ನೆಯಿದೆ: ಟೆಲಿವಿಷನ್ನಿಗೆ ಹಣ ಕೊಡಬೇಕಾದವರು ಯಾರು? ಕೊಟ್ಟವರಿಗೆ ಅದರ ಮೇಲೆ ಎಷ್ಟು ಹಕ್ಕು?

ಎರಡು ದೇಶ, ಎರಡು ಪದ್ಧತಿ

ಬ್ರಿಟನ್ನಿನಲ್ಲಿ ಬಿ.ಬಿ.ಸಿ. 1922ರಲ್ಲಿ ಖಾಸಗಿ ಕಂಪನಿಯಾಗಿ ಹುಟ್ಟಿ, 1927ರಲ್ಲಿ ರಾಜಸನ್ನದಿನ ಮೂಲಕ ಸಾರ್ವಜನಿಕ ನಿಗಮವಾಯಿತು. ಜನರಿಗೆ ಮಾಹಿತಿ, ಶಿಕ್ಷಣ, ಮನರಂಜನೆ ಮೂರನ್ನೂ ನೀಡಬೇಕು ಎಂಬುದು ಅದರ ಮೊದಲ ಮುಖ್ಯಸ್ಥ ಜಾನ್ ರೀತ್ ಹಾಕಿಕೊಟ್ಟ ದಾರಿ. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಿಂದ ಬಿ.ಬಿ.ಸಿ. ಟೆಲಿವಿಷನ್ ಪ್ರಸಾರ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತಿದ್ದ ಪ್ರಸಾರ 1946ರಲ್ಲಿ ಮತ್ತೆ ತೊಡಗಿದಾಗ, ಸೆಟ್ ಇರುವ ಮನೆಯವರು ವರ್ಷಕ್ಕೆ ಎರಡು ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಬೇಕೆಂಬ ನಿಯಮ ಬಂತು. ಜಾಹೀರಾತಿಗೆ ಅಲ್ಲಿ ಜಾಗವಿರಲಿಲ್ಲ. ಜಾಹೀರಾತು ತೋರಿಸುವ ಐ.ಟಿ.ವಿ. ಶುರುವಾದದ್ದು 1955ರ ಸೆಪ್ಟೆಂಬರಿನಲ್ಲಿ; ಅದಕ್ಕೂ ಕಾನೂನಿನ ಕಟ್ಟುಪಾಡುಗಳಿದ್ದವು.

ಅಮೆರಿಕದ ದಾರಿಯೇ ಬೇರೆ. 1941ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ವಾಣಿಜ್ಯ ಪ್ರಸಾರಕ್ಕೆ ಅನುಮತಿ ದೊರೆತ ದಿನವೇ, ಬೇಸ್‌ಬಾಲ್ ಪಂದ್ಯಕ್ಕೆ ಮುನ್ನ, ಕೈಗಡಿಯಾರ ಕಂಪನಿಯೊಂದರ ಜಾಹೀರಾತು ತೆರೆಯ ಮೇಲೆ ಬಂತು. ಎನ್.ಬಿ.ಸಿ., ಸಿ.ಬಿ.ಎಸ್., ಎ.ಬಿ.ಸಿ. ಎಂಬ ಮೂರು ಖಾಸಗಿ ಜಾಲಗಳು ದೇಶವನ್ನು ಆವರಿಸಿದವು. ನೋಡುಗ ಏನನ್ನೂ ಕೊಡಬೇಕಾಗಿರಲಿಲ್ಲ. ಅವನ ಗಮನವನ್ನೇ ಜಾಹೀರಾತುದಾರರಿಗೆ ಮಾರಲಾಗುತ್ತಿತ್ತು. ಹಗಲು ಹೊತ್ತಿನ ಧಾರಾವಾಹಿಗಳಿಗೆ ‘ಸೋಪ್ ಒಪೆರಾ’ ಎಂಬ ಹೆಸರು ಬಂದದ್ದು ಸಾಬೂನು ತಯಾರಕರು ಅವುಗಳ ಪ್ರಾಯೋಜಕರಾಗಿದ್ದರಿಂದಲೇ.

ಈ ಪದ್ಧತಿಯ ಬಗ್ಗೆ ಅಮೆರಿಕದೊಳಗೇ ಅಸಮಾಧಾನವಿತ್ತು. 1961ರ ಮೇ 9ರಂದು ಸರ್ಕಾರದ ಸಂಪರ್ಕ ಆಯೋಗದ ಅಧ್ಯಕ್ಷ ನ್ಯೂಟನ್ ಮಿನೋ ಅವರು ಪ್ರಸಾರಕರ ಸಮಾವೇಶದಲ್ಲಿ ನಿಂತು, ಒಂದು ಇಡೀ ದಿನ ನಿಮ್ಮದೇ ಕೇಂದ್ರದ ಕಾರ್ಯಕ್ರಮಗಳನ್ನು ಕುಳಿತು ನೋಡಿ ಎಂದು ಸವಾಲು ಹಾಕಿದರು. ಆಗ ನಿಮಗೆ ಕಾಣುವುದು ವಿಶಾಲವಾದ ಬಂಜರು ಭೂಮಿ ಎಂದರು. ಆ ಮಾತು ಇಂದಿಗೂ ಪ್ರಸಿದ್ಧವಾಗಿದೆ.

ಬಂಜರಿನಲ್ಲಿ ಒಂದು ಬೆಳೆ

1952ರಲ್ಲೇ ಅಮೆರಿಕ ಸರ್ಕಾರ 242 ಪ್ರಸಾರ ಕೇಂದ್ರಗಳ ಸ್ಥಾನವನ್ನು ಶಿಕ್ಷಣಕ್ಕೆಂದು ಮೀಸಲಿಟ್ಟಿತ್ತು. ವಿಶ್ವವಿದ್ಯಾಲಯಗಳೂ ಊರಿನ ಸಂಘಗಳೂ ಅವನ್ನು ನಡೆಸತೊಡಗಿದವು. ಆದರೆ ಹಣವಿರಲಿಲ್ಲ. 1967ರ ನವೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರ್ವಜನಿಕ ಪ್ರಸಾರ ಕಾಯಿದೆಗೆ ಸಹಿ ಹಾಕಿದರು. ಸರ್ಕಾರದ ಹಣವನ್ನು ಕೇಂದ್ರಗಳಿಗೆ ಹಂಚಲು ನಿಗಮವೊಂದು ಸ್ಥಾಪನೆಯಾಯಿತು. ಕೇಂದ್ರಗಳನ್ನು ಒಂದುಗೂಡಿಸುವ ಪಿ.ಬಿ.ಎಸ್. 1970ರ ಅಕ್ಟೋಬರಿನಲ್ಲಿ ಪ್ರಸಾರಕ್ಕಿಳಿಯಿತು.

ಕೇಂದ್ರಗಳೇನೋ ಆದವು, ತೋರಿಸುವುದೇನನ್ನು? ದೊಡ್ಡ ನಾಟಕಗಳನ್ನು ತಾವೇ ತಯಾರಿಸುವ ಶಕ್ತಿ ಅವಕ್ಕಿರಲಿಲ್ಲ. ಆ ಹೊತ್ತಿಗೆ ಬ್ರಿಟನ್ನಿನಿಂದ ಒಂದು ಧಾರಾವಾಹಿ ಬಂತು. ಜಾನ್ ಗಾಲ್ಸ್‌ವರ್ದಿಯವರ ಕಾದಂಬರಿಗಳನ್ನು ಆಧರಿಸಿದ ‘ದಿ ಫೋರ್‌ಸೈಟ್ ಸಾಗಾ’ 1967ರಲ್ಲಿ ಬಿ.ಬಿ.ಸಿ.ಯ ಎರಡನೆಯ ಚಾನೆಲ್‌ನಲ್ಲಿ 26 ಕಂತುಗಳಲ್ಲಿ ಬಂದಿತ್ತು. ಕಪ್ಪು-ಬಿಳುಪಿನ ಈ ಧಾರಾವಾಹಿ ಭಾನುವಾರ ಸಂಜೆ ಮರುಪ್ರಸಾರವಾದಾಗ ಕೆಲವು ಚರ್ಚುಗಳು ಸಂಜೆಯ ಪ್ರಾರ್ಥನೆಯ ವೇಳೆಯನ್ನೇ ಬದಲಿಸಿಕೊಂಡವು. 1969ರಲ್ಲಿ ಇದು ಅಮೆರಿಕದ ಶೈಕ್ಷಣಿಕ ಕೇಂದ್ರಗಳಲ್ಲಿ ಪ್ರಸಾರವಾಗಿ ಅಲ್ಲೂ ಜನರನ್ನು ಹಿಡಿದು ಕೂರಿಸಿತು. ಜಾಹೀರಾತಿನ ಅಡ್ಡಿಯಿಲ್ಲದೆ ನಿಧಾನವಾಗಿ ಬೆಳೆಯುವ ಕತೆಗೂ ನೋಡುಗರಿದ್ದಾರೆ ಎಂಬುದು ಸಾಬೀತಾಯಿತು.

1971ರ ಜನವರಿ: ಎರಡು ದಿನ, ಎರಡು ದಾರಿ

ವಿದ್ಯಾರ್ಥಿ ಮಿತ್ರರು ಇಲ್ಲಿ ಎರಡು ದಿನಾಂಕಗಳನ್ನು ಗಮನಿಸಬೇಕು. 1971ರ ಜನವರಿ 10ರಂದು ಬಾಸ್ಟನ್ನಿನ ಡಬ್ಲ್ಯು.ಜಿ.ಬಿ.ಎಚ್. ಕೇಂದ್ರ ‘ಮಾಸ್ಟರ್‌ಪೀಸ್ ಥಿಯೇಟರ್’ ಎಂಬ ಸರಣಿಯನ್ನು ಆರಂಭಿಸಿತು. ಬ್ರಿಟಿಷ್ ಧಾರಾವಾಹಿಗಳನ್ನು ಇದ್ದ ಹಾಗೆಯೇ ತಂದು ತೋರಿಸುವುದು ಅದರ ಕ್ರಮ. ಎರಡೇ ದಿನಗಳ ಅನಂತರ, ಜನವರಿ 12ರಂದು, ಸಿ.ಬಿ.ಎಸ್. ಜಾಲದಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಇದೂ ಬ್ರಿಟಿಷ್ ಮೂಲದ್ದೇ. ಲಂಡನ್ನಿನ ಕಾರ್ಮಿಕ ಬಡಾವಣೆಯ ಬಾಯಿಬಡುಕ ಮನೆಯೊಡೆಯನ ಕತೆಯಾದ ‘ಟಿಲ್ ಡೆತ್ ಅಸ್ ಡೂ ಪಾರ್ಟ್’ ಅನ್ನು ನಾರ್ಮನ್ ಲಿಯರ್ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಗೆ ತಂದು ನಿಲ್ಲಿಸಿದ್ದರು.

ಒಂದು ದಾರಿಯಲ್ಲಿ ಬ್ರಿಟಿಷ್ ನಾಟಕ ತನ್ನ ವೇಷದಲ್ಲೇ ಬಂತು. ನೋಡಿದವರು ಸಾವಿರಾರು, ಲಕ್ಷಾಂತರ ಎನ್ನಬಹುದು, ಕೋಟ್ಯಂತರವಲ್ಲ. ಇನ್ನೊಂದು ದಾರಿಯಲ್ಲಿ ಅದು ಅಮೆರಿಕದ ವೇಷ ತೊಟ್ಟಿತು. ಐದು ವರ್ಷ ಸತತವಾಗಿ ದೇಶದಲ್ಲೇ ಮೊದಲ ಸ್ಥಾನದಲ್ಲಿ ನಿಂತಿತು. ಮೂಲ ಬ್ರಿಟಿಷ್ ಕತೆಯೆಂದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ವಲಸೆ ಬಂದವರ ಪಾಡೂ ಹೀಗೆಯೇ ಅಲ್ಲವೇ? ತಮ್ಮತನ ಉಳಿಸಿಕೊಂಡರೆ ಮೂಲೆಯಲ್ಲಿ ಗೌರವ. ಬೆರೆತುಹೋದರೆ ಎಲ್ಲರ ನಡುವೆ ಜಾಗ, ಆದರೆ ಗುರುತು ಮಾಯ.

ಮಾಸ್ಟರ್‌ಪೀಸ್ ಥಿಯೇಟರ್ ಸರಣಿಯನ್ನು ನಡೆಸಿಕೊಟ್ಟವರು ಸ್ವತಃ ಒಬ್ಬ ವಲಸಿಗರು. ಆಲಿಸ್ಟೇರ್ ಕುಕ್ 1908ರಲ್ಲಿ ಇಂಗ್ಲೆಂಡಿನ ಸಾಲ್‌ಫೋರ್ಡಿನಲ್ಲಿ ಹುಟ್ಟಿ, 1932ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಬಂದು, 1941ರಲ್ಲಿ ಅಲ್ಲಿನ ನಾಗರಿಕರಾದರು. 1946ರಿಂದ 2004ರವರೆಗೆ, 58 ವರ್ಷ ಕಾಲ, ‘ಲೆಟರ್ ಫ್ರಮ್ ಅಮೆರಿಕ’ ಎಂಬ ಬಿ.ಬಿ.ಸಿ. ರೇಡಿಯೊ ಭಾಷಣಗಳ ಮೂಲಕ ಬ್ರಿಟಿಷರಿಗೆ ಅಮೆರಿಕವನ್ನು ಅರ್ಥ ಮಾಡಿಸಿದರು. 1971ರಿಂದ 1992ರವರೆಗೆ ಪ್ರತಿ ಭಾನುವಾರ ಕುರ್ಚಿಯಲ್ಲಿ ಕುಳಿತು, ಅಮೆರಿಕನ್ನರಿಗೆ ಬ್ರಿಟನ್ನನ್ನು ಅರ್ಥ ಮಾಡಿಸಿದರು. ಕಡಲಿನ ಎರಡೂ ದಡಗಳಿಗೆ ಸೇತುವೆಯಾದ ಇಂಥವರು ವಿರಳ.

ದೂರದ ಬೆಟ್ಟ

ಇಷ್ಟಾದರೂ ವಲಸೆ ಬಂದ ಬ್ರಿಟಿಷರಿಗೆ ತಮ್ಮ ಊರು ತೆರೆಯ ಮೇಲೆ ಪೂರ್ತಿಯಾಗಿ ಸಿಕ್ಕಿತೇ? ಇಲ್ಲ. ಸರಣಿಯಲ್ಲಿ ಹೆಚ್ಚು ಬಂದದ್ದು ರಾಜರು, ಶ್ರೀಮಂತರು, ಹಳೆಯ ಬಂಗಲೆಗಳು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’ ಒಡೆಯರ ಜೊತೆಗೆ ಆಳುಕಾಳುಗಳ ಬಾಳನ್ನೂ ತೋರಿಸಿತು, ಆದರೆ ಅದೂ 20ನೆಯ ಶತಮಾನದ ಆರಂಭದ ಲಂಡನ್. 1984ರಲ್ಲಿ ಬಂದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಪಾಲ್ ಸ್ಕಾಟ್ ಅವರ ಕಾದಂಬರಿಗಳ ಮೂಲಕ ಭಾರತದಲ್ಲಿ ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳನ್ನು ತೋರಿಸಿತು. ಮ್ಯಾಂಚೆಸ್ಟರಿನ ಕಾರ್ಖಾನೆ ಬೀದಿಯಿಂದ ಬಂದ ಎಂಜಿನಿಯರನಿಗೆ ಈ ಬಂಗಲೆಗಳು ಅಮೆರಿಕನ್ನರಿಗೆ ಎಷ್ಟು ದೂರವೋ ಅಷ್ಟೇ ದೂರ. ದೂರದ ಬೆಟ್ಟ ನುಣ್ಣಗೆ ಎಂಬಂತೆ, ಅಮೆರಿಕ ಕಂಡದ್ದು ನುಣ್ಣಗಿನ ಬ್ರಿಟನ್ನನ್ನು. ಅಂದಹಾಗೆ, ಈ ಎರಡು ಧಾರಾವಾಹಿಗಳೂ ಬಿ.ಬಿ.ಸಿ.ಯವಲ್ಲ, ಜಾಹೀರಾತಿನ ಹಣದಿಂದ ನಡೆಯುವ ಐ.ಟಿ.ವಿ. ಕಂಪನಿಗಳು ತಯಾರಿಸಿದವು. ಹಣದ ಮೂಲವೊಂದರಿಂದಲೇ ಒಳ್ಳೆಯದು ಕೆಟ್ಟದ್ದನ್ನು ಅಳೆಯಲಾಗದು ಎಂಬುದಕ್ಕೆ ಇದು ನಿದರ್ಶನ.

ಹಾಗೆಯೇ ಮಾಸ್ಟರ್‌ಪೀಸ್ ಥಿಯೇಟರ್ ಪ್ರಾಯೋಜಕರಿಲ್ಲದೆ ನಡೆಯಲಿಲ್ಲ. ಮೊಬಿಲ್ ತೈಲ ಕಂಪನಿ ಆರಂಭದಿಂದಲೂ ಹಣ ಕೊಟ್ಟಿತು. ಪಿ.ಬಿ.ಎಸ್. ಎಂಬುದರ ‘ಪಿ’ ಅಂದರೆ ಪೆಟ್ರೋಲಿಯಂ ಎಂದು ಗೇಲಿ ಮಾಡಿದವರೂ ಇದ್ದರು. ಆದರೆ ಕತೆಯ ನಡುವೆ ಜಾಹೀರಾತು ನುಗ್ಗಲಿಲ್ಲ ಎಂಬುದು ದೊಡ್ಡ ವ್ಯತ್ಯಾಸ.

ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಮೊಕದ್ದಮೆಯನ್ನು ನೋಡಬಹುದು. ‘ಮಾಂಟಿ ಪೈಥಾನ್’ ತಂಡದ ಹಾಸ್ಯ ಕಾರ್ಯಕ್ರಮವನ್ನು 1974ರಲ್ಲಿ ಡಲ್ಲಾಸ್ ನಗರದ ಸಾರ್ವಜನಿಕ ಕೇಂದ್ರ ಪ್ರಸಾರ ಮಾಡಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿತು. ಅದನ್ನು ಕಂಡ ಎ.ಬಿ.ಸಿ. ಜಾಲ 1975ರಲ್ಲಿ ಮೂರು ಕಂತುಗಳನ್ನು ಸೇರಿಸಿ ವಿಶೇಷ ಕಾರ್ಯಕ್ರಮ ಮಾಡಿತು. 90 ನಿಮಿಷಗಳಲ್ಲಿ 24 ನಿಮಿಷ ಕತ್ತರಿಸಲ್ಪಟ್ಟಿತು. ಜಾಹೀರಾತಿಗೆ ಜಾಗ ಬೇಕಿತ್ತು, ಕೆಲವು ಮಾತುಗಳು ಅವರಿಗೆ ಸರಿಬರಲಿಲ್ಲ. ಕಲಾವಿದರು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ನಿಂತು, ಕೃತಿಯನ್ನು ಅಂಗಹೀನಗೊಳಿಸಿ ಕರ್ತೃವಿನ ಹೆಸರಿನಲ್ಲಿ ತೋರಿಸುವುದು ಸಲ್ಲದು ಎಂಬ ನಿಲುವು ತಳೆಯಿತು.

ತಂತ್ರಜ್ಞಾನದ ಅಡ್ಡಗೋಡೆ

ಊರಿನಿಂದ ಬಂಧುಗಳು ಕ್ಯಾಸೆಟ್ ಕಳಿಸಬಾರದೇ ಎಂದು ನೀವು ಕೇಳಬಹುದು. ಕಳಿಸಿದರೂ ಉಪಯೋಗವಿರಲಿಲ್ಲ. ಅಮೆರಿಕದ ಚಿತ್ರ 525 ಗೆರೆಗಳದು, ಸೆಕೆಂಡಿಗೆ ಸುಮಾರು 30 ಚೌಕಟ್ಟು; ಬ್ರಿಟನ್ನಿನ ವರ್ಣಚಿತ್ರ 625 ಗೆರೆಗಳದು, ಸೆಕೆಂಡಿಗೆ 25 ಚೌಕಟ್ಟು. ಒಂದು ದೇಶದ ಕ್ಯಾಸೆಟ್ ಇನ್ನೊಂದು ದೇಶದ ಸಾಮಾನ್ಯ ಯಂತ್ರದಲ್ಲಿ ಓಡುತ್ತಿರಲಿಲ್ಲ. ಮುಂದೆ ಡಿ.ವಿ.ಡಿ. ಬಂದಾಗ ತಯಾರಕರೇ ಲೋಕವನ್ನು ವಲಯಗಳಾಗಿ ಹಂಚಿದರು: ಅಮೆರಿಕ ಒಂದನೆಯ ವಲಯ, ಬ್ರಿಟನ್ ಎರಡನೆಯದು. ಮೊದಲನೆಯದು ತಂತ್ರಜ್ಞಾನದ ಗೋಡೆ. ಎರಡನೆಯದು ವ್ಯಾಪಾರದ ಗೋಡೆ. 2007ರಲ್ಲಿ ಬಿ.ಬಿ.ಸಿ. ಅಂತರ್ಜಾಲದಲ್ಲಿ ಐಪ್ಲೇಯರ್ ತೆರೆದಾಗಲೂ ಅದು ಬ್ರಿಟನ್ನಿನೊಳಗಿನವರಿಗೆ ಮಾತ್ರ. ಶುಲ್ಕ ಕಟ್ಟುವವರು ಅವರೇ ಆದ್ದರಿಂದ ಇದರಲ್ಲಿ ಒಂದು ನ್ಯಾಯವೂ ಇದೆ.

1998ರ ಮಾರ್ಚಿನಲ್ಲಿ ‘ಬಿ.ಬಿ.ಸಿ. ಅಮೆರಿಕ’ ಎಂಬ ಕೇಬಲ್ ಚಾನೆಲ್ ಬಂತು. ಸ್ವದೇಶದಲ್ಲಿ ಜಾಹೀರಾತನ್ನು ಹತ್ತಿರ ಸೇರಿಸದ ಸಂಸ್ಥೆ ಅಮೆರಿಕದಲ್ಲಿ ಜಾಹೀರಾತು ತೋರಿಸಿತು. 2014ರಲ್ಲಿ ಅದರ ಅರ್ಧದಷ್ಟು ಪಾಲನ್ನು, 2024ರಲ್ಲಿ ಉಳಿದ ಪಾಲನ್ನು ಅಮೆರಿಕದ ಎ.ಎಂ.ಸಿ. ಕಂಪನಿ ಕೊಂಡಿತು. 2017ರಲ್ಲಿ ಬಿ.ಬಿ.ಸಿ. ಮತ್ತು ಐ.ಟಿ.ವಿ. ಕೂಡಿ ಅಮೆರಿಕದಲ್ಲಿ ‘ಬ್ರಿಟ್‌ಬಾಕ್ಸ್’ ಆರಂಭಿಸಿದವು. ಇಂದು ತಿಂಗಳಿಗೆ ಹಣ ಕಟ್ಟಿದರೆ ವಲಸಿಗನಿಗೆ ಬಂಗಲೆಯ ಕತೆಯೂ ಸಿಗುತ್ತದೆ, ಬೀದಿಯ ಕತೆಯೂ ಸಿಗುತ್ತದೆ.

ತಿರುಗಿ ಹರಿದ ನೀರು

ಅಮೆರಿಕದ ಟೆಲಿವಿಷನ್ ಎಲ್ಲವೂ ಬಂಜರೆಂದು ತಿಳಿಯುವುದು ತಪ್ಪು. 1969ರಲ್ಲಿ ಬಂದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಲೋಕಕ್ಕೆಲ್ಲ ಮಾದರಿಯಾಯಿತು. 1990ರಲ್ಲಿ ಕೆನ್ ಬರ್ನ್ಸ್ ಅವರ ಅಂತರ್ಯುದ್ಧದ ಸಾಕ್ಷ್ಯಚಿತ್ರ ಪಿ.ಬಿ.ಎಸ್.ನಲ್ಲಿ ಕೋಟ್ಯಂತರ ಜನರನ್ನು ಸೆಳೆಯಿತು. 2002ರಿಂದ 2008ರವರೆಗೆ ಬಂದ ‘ದಿ ವೈರ್’ ಬಾಲ್ಟಿಮೋರ್ ನಗರದ ಬಡತನ, ಪೊಲೀಸು, ಶಾಲೆಗಳನ್ನು ಆಳವಾಗಿ ನೋಡಿತು. ಅದರ ಮುಖ್ಯ ಪಾತ್ರಧಾರಿಗಳಾದ ಡೊಮಿನಿಕ್ ವೆಸ್ಟ್, ಇಡ್ರಿಸ್ ಎಲ್ಬಾ ಇಬ್ಬರೂ ಬ್ರಿಟಿಷರು. ಇತ್ತ 2010ರ ‘ಡೌನ್‌ಟನ್ ಆ್ಯಬಿ’ ಎಂಬ ಅಪ್ಪಟ ಇಂಗ್ಲಿಷ್ ಬಂಗಲೆಯ ಕತೆಯನ್ನು ತಯಾರಿಸಿದ ಕಂಪನಿ ಅಮೆರಿಕನ್ ಒಡೆತನದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಜಾನ್ ಆಲಿವರ್ 2014ರಿಂದ ಜಾಹೀರಾತಿಲ್ಲದ ವಿಡಂಬನಾ ಕಾರ್ಯಕ್ರಮದಲ್ಲಿ ಅಮೆರಿಕದ ಸಮಸ್ಯೆಗಳನ್ನು ಅಮೆರಿಕನ್ನರಿಗೇ ವಿವರಿಸತೊಡಗಿದರು. ಯಾವುದು ಸ್ವದೇಶಿ, ಯಾವುದು ಪರದೇಶಿ ಎಂದು ಗೆರೆ ಎಳೆಯುವುದು ಈಗ ಸುಲಭವಲ್ಲ.

ಆದರೆ ಹಣದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು. ಅದು ಉಳಿಯಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ಬಿಸಿಯಾಗಿದೆ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಗಳಿಗೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ಹಣವನ್ನು ಹಿಂತೆಗೆದುಕೊಂಡಿತು. 1967ರ ಕಾಯಿದೆಯಿಂದ ಹುಟ್ಟಿದ ನಿಗಮ ಮರುತಿಂಗಳೇ ತನ್ನ ಕೆಲಸವನ್ನು ಮುಚ್ಚುವುದಾಗಿ ಪ್ರಕಟಿಸಿತು. ದೊಡ್ಡ ನಗರಗಳ ಕೇಂದ್ರಗಳಿಗೆ ದಾನಿಗಳು ಸಿಕ್ಕಾರು. ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ ಅಷ್ಟು ದಾನಿಗಳು ಎಲ್ಲಿಂದ ಬಂದಾರು?

ಭಾರತದಲ್ಲೂ ಈ ಪ್ರಶ್ನೆ ಹೊಸದಲ್ಲ. ದೂರದರ್ಶನದಲ್ಲಿ ಜಾಹೀರಾತು ಬಂದದ್ದು 1976ರಲ್ಲಿ. ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಗೆ ಬಂತು. ಸರ್ಕಾರ, ಜಾಹೀರಾತುದಾರ, ದಾನಿ, ನೋಡುಗ ಎಂಬ ನಾಲ್ವರಲ್ಲಿ ಯಾರೊಬ್ಬರ ಕೈಗೆ ಇಡೀ ಲಗಾಮು ಸಿಕ್ಕರೂ ತೆರೆ ಬಡವಾಗುತ್ತದೆ ಎಂಬುದು ಈ ಎರಡು ದೇಶಗಳ ಅನುಭವದಿಂದ ತಿಳಿಯುವ ಪಾಠ. ನೋಡಲು ಯೋಗ್ಯವಾದದ್ದು ತಾನಾಗಿ ತೆರೆಯ ಮೇಲೆ ಮೂಡುವುದಿಲ್ಲ. ಯಾರೋ ಅದನ್ನು ಬೇಕೆಂದು ಕೇಳಬೇಕು, ಯಾರೋ ಅದರ ಖರ್ಚು ಹೊರಬೇಕು, ಕತ್ತರಿ ಬಿದ್ದಾಗ ಯಾರೋ ಎದ್ದು ನಿಂತು ಬೇಡ ಎನ್ನಬೇಕು.